ಇಪ್ಪತ್ತಾರು ಮಂದಿಗೆ ಒಂದೇ ವಿಳಾಸ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ನಮ್ಮ ಯಜಮಾನರು ತೀರಿಕೊಂಡ ಮೂರನೇ ತಿಂಗಳಿಗೆ ಸೇರಿದ್ದು. ಮೊದಲ ದಿನ ನನ್ನ ಹೆಸರನ್ನು ಕಂಪ್ಯೂಟರಿಗೆ ಸೇರಿಸಿ, ಬಾಗಿಲು ತೆರೆಯುವ ಕಾರ್ಡು ಕೊಟ್ಟವರ ವಿಷಯ ಬರೆಯುತ್ತಿದ್ದೇನೆ. ನಾವೆಲ್ಲ ಅವರನ್ನು ಕಾರ್ಡಣ್ಣ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು.

"ಅಮ್ಮಾ, ನಿಮ್ಮ ಇ-ಮೇಲ್ ವಿಳಾಸ?" ಎಂದು ಕೇಳಿದ್ದರು.

"ಅದೆಲ್ಲ ನನಗೆಲ್ಲಿಂದ ಬರಬೇಕಪ್ಪಾ?"

"ಹೋಗ್ಲಿ ಬಿಡಿ, ನಂದೇ ಹಾಕ್ತೀನಿ. ಏನು ಕಾಗದ ಬಂದ್ರೂ ನನಗೆ ಬರುತ್ತೆ. ಬುಧವಾರ ಕೆಳಗೆ ಬಂದು ಓದಿ ಹೇಳ್ತೀನಿ."

ಅವರ ಪದ್ಧತಿಯೇ ಅದು. ನಮ್ಮ ಇಪ್ಪತ್ತಾರು ಹೆಂಗಸರಿಗೂ ಅವರದೇ ವಿಳಾಸ. ಹಳೆಯ ಪಟ್ಟಿ ಅದಕ್ಕೆ ಯಾವ ತಕರಾರೂ ಮಾಡಲಿಲ್ಲ. ಬುಧವಾರ ಎರಡನೇ ಸರದಿಯ ಬಟ್ಟೆ ಒಣಗುವ ಯಂತ್ರಕ್ಕೆ ಹೋದ ಮೇಲೆ ಅವರು ಬಂದು, ಬುಟ್ಟಿ ಬೋರಲು ಹಾಕಿಕೊಂಡು ಕೂತು ಓದುತ್ತಿದ್ದರು.

"ಸಿಡುಕಮ್ಮ, ನಿಮ್ಮ ರಜೆ ಮಂಜೂರಾಗಿದೆ."

"ಇನ್ನೊಂದು ಸಲ ಓದು, ಕಿವಿ ತಣ್ಣಗಾಗ್ಲಿ" ಎನ್ನುತ್ತಿದ್ದಳು ಸಿಡುಕಮ್ಮ. ಇಸ್ತ್ರಿ ಯಂತ್ರದ ಹತ್ತಿರ ನಿಲ್ಲುವವಳು. ಬಾಯಿ ಮಾತ್ರ ಜೋರು.

ಹೋದ ವರ್ಷ ಒಂದು ದಿನ ಕಾರ್ಡಣ್ಣ ಕುಳಿತುಕೊಳ್ಳದೆ ನಿಂತೇ ಮಾತಾಡಿದರು.

"ಕಾರ್ಡು ಮುಟ್ಟಿಸಿದಾಗ ಬಾಗಿಲು ನಮ್ಮ ಪಟ್ಟಿಯನ್ನ ಕೇಳುತ್ತೆ, ಇವರನ್ನ ಬಿಡ್ಲಾ ಅಂತ. ಹಾಗೆ ಕೇಳೋ ದಾರಿಗೆ ಎಪಿಐ ಅಂತಾರೆ. ಹಳೆ ಎಪಿಐ ಎಲ್ಲ ಈ ತಿಂಗಳ ಕೊನೆಗೆ ಬಂದ್. ಇನ್ನು ಮೇಲೆ ಒಂದು ಹೊಸ ಸೇವೆ ಬರುತ್ತೆ. ಯಾರನ್ನ ಸೇರಿಸ್ಬೇಕು, ಯಾರನ್ನ ತೆಗೀಬೇಕು, ಎಲ್ಲಾ ಅದೇ ನೋಡ್ಕೊಳ್ಳುತ್ತೆ."

"ನೋಡ್ಕೊಳ್ಳಲಿ, ನಮಗೇನು?" ಎಂದೆ.

"ಅದರ ಲೆಕ್ಕದಲ್ಲಿ ಒಂದು ವಿಳಾಸಕ್ಕೆ ಒಬ್ಬನೇ ಮನುಷ್ಯ. ಇವತ್ತು ಪರೀಕ್ಷೆಗೆ ಪಟ್ಟಿ ಹಾಕಿದೆ. ನೀವು ಯಾರೂ ಇಲ್ಲ. ನಾನೊಬ್ಬನೇ ಇದ್ದೀನಿ."

"ಅಂದ್ರೆ ನಾವೆಲ್ಲ ನೀನೇನಾ?" ಸಿಡುಕಮ್ಮ ಕೇಳಿದಳು. "ಹಾಗಾದ್ರೆ ಬಾ, ಈ ಗಂಟು ನೀನೇ ಎತ್ತು."

ಎಲ್ಲರೂ ನಕ್ಕೆವು. ಆಮೇಲೆ ಅವರು ಉಳಿದದ್ದನ್ನು ಹೇಳಿದರು. ಒಂದನೇ ತಾರೀಖಿನಿಂದ ಮೂರು ದಿನ ಯಾರ ಹಾಜರಿ ಬೀಳುವುದಿಲ್ಲವೋ, ಅವರು ಕೆಲಸ ಬಿಟ್ಟರು ಎಂದು ತಿಳಿದು ಆ ಸೇವೆ ಮೂರನೇ ದಿನ ಸಂಜೆ ಐದಕ್ಕೆ ಹೆಸರು ತೆಗೆದುಹಾಕುತ್ತದೆ. ನಗು ನಿಂತುಹೋಯಿತು.

ಹದಿನೈದು ಜನಕ್ಕೆ ಮಕ್ಕಳ, ಮೊಮ್ಮಕ್ಕಳ ಫೋನಿನಿಂದ ಬೇರೆ ವಿಳಾಸ ಸಿಕ್ಕಿತು. ಸಿಡುಕಮ್ಮ ಅವರಲ್ಲಿ ಒಬ್ಬಳು. ಇಬ್ಬರಿಗೆ ಕಾರ್ಡಣ್ಣ ತಮ್ಮ ಫೋನಿನಿಂದಲೇ ಮಾಡಿಕೊಟ್ಟರು. ಮೂರನೆಯದಕ್ಕೆ ಈ ನಂಬರಿನಿಂದ ಇನ್ನು ಆಗದು ಎಂದು ಬಂತು. ನಾನೂ ಸೇರಿ ಒಂಬತ್ತು ಜನ ಉಳಿದೆವು. ನಮಗೆ ಫೋನೂ ಇಲ್ಲ, ಕೊಡುವವರೂ ಇಲ್ಲ. ಹೊಸ ಸೇವೆಯ ಕಚೇರಿ ಬೇರೆ ಊರಿನಲ್ಲಿತ್ತು. ಹಳೆಯ ದಾರಿಯನ್ನು ಒಂದು ವಾರ ತೆರೆದಿಡಿ ಎಂದು ಕಾರ್ಡಣ್ಣ ನನ್ನೆದುರಿಗೇ ಫೋನಿನಲ್ಲಿ ಬೇಡಿಕೊಂಡರು. ಎಲ್ಲ ಕಡೆಗೂ ಒಂದೇ ತಾರೀಖು, ಆಗುವುದಿಲ್ಲ ಎಂದರಂತೆ ಅಲ್ಲಿನವರು.

ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೆ ನಮ್ಮ ಒಂಬತ್ತು ಕಾರ್ಡಿಗೂ ಕೆಂಪು ದೀಪ. ಕಾರ್ಡಣ್ಣ ಬಂದು ತಮ್ಮ ಕಾರ್ಡು ಮುಟ್ಟಿಸಿದರು, ಒಬ್ಬಳು ಒಳಗೆ ಹೋದಳು. ಮತ್ತೆ ಮುಟ್ಟಿಸಿದರು, ಇನ್ನೊಬ್ಬಳು. ಹೀಗೆ ಒಂಬತ್ತು ಸಲ. ಎರಡನೇ ದಿನವೂ ಹಾಗೆಯೇ.

"ನಿಮಗೇನೂ ತೊಂದರೆ ಆಗಲ್ವಾ?" ಎಂದು ಕೇಳಿದೆ.

"ಪಟ್ಟಿಯಲ್ಲಿ ನೀವೆಲ್ಲ ನಾನೇ ಅಲ್ವಾ ಅಮ್ಮಾ? ಸುಳ್ಳೇನಿದೆ?"

ಆದರೆ ಹಾಜರಿ ನಮ್ಮ ಹೆಸರಿಗೆ ಬೀಳುತ್ತಿರಲಿಲ್ಲ. ಮೂರನೇ ದಿನ ಸಂಜೆಯೊಳಗೆ ಏನಾದರೂ ಮಾಡುತ್ತೇನೆ ಎಂದಿದ್ದರು.

ಮೂರನೇ ದಿನ ನಾಲ್ಕು ಜನ ಒಳಗೆ ಹೋದರು. ಐದನೆಯವಳು ನಾನು. ಕೆಂಪು ದೀಪ ಬಂತು. ಅವರು ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ಮುಟ್ಟಿಸಿದರು. ಕೆಂಪು. ಒಬ್ಬ ಮನುಷ್ಯ ಹೊರಗೆ ಬಾರದೆ ಇಷ್ಟು ಸಲ ಒಳಗೆ ಹೋಗುವುದುಂಟೆ ಎಂದು ಆ ಸೇವೆ ಅವರ ಕಾರ್ಡನ್ನೇ ಮುಚ್ಚಿಬಿಟ್ಟಿತ್ತು. ಸಿಡುಕಮ್ಮ ಒಳಗಿನಿಂದ ಬಾಗಿಲು ತೆಗೆದಳು. ಕಾವಲುಗಾರ ಅಡ್ಡ ನಿಂತ. "ಕೆಂಪು ಬಂದವರನ್ನ ಬಿಟ್ರೆ ನನ್ನ ಕೆಲಸ ಹೋಗುತ್ತಕ್ಕಾ" ಎಂದ. ಅವನದೂ ಸುಳ್ಳಲ್ಲ.

"ಮುಚ್ಚಿದ ಕಾರ್ಡು ತೆರೆಯೋರು ಯಾರಿದ್ದಾರೆ?" ಎಂದೆ.

"ನಾನೇ. ನನ್ನ ಕಂಪ್ಯೂಟರು ಒಳಗಿದೆ."

ಬೇರೆ ಊರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ನಿಮ್ಮ ಕಡೆಯ ಅಧಿಕಾರಿಗೆ ಹೇಳಿ ಸರ್, ಅವರೇ ತೆರೀತಾರೆ" ಎಂದಳು ಅಲ್ಲಿನ ಹುಡುಗಿ.

"ಆ ಅಧಿಕಾರಿ ನಾನೇ ಮೇಡಂ."

"ಹಾಗಾದ್ರೆ ಒಳಗೆ ಹೋಗಿ ನೀವೇ ತೆರೀಬಹುದಲ್ವಾ ಸರ್?"

ಅವರು ಫೋನು ಇಟ್ಟರು. ದೊಡ್ಡ ಡಾಕ್ಟರು ಕೆಳಗಿಳಿದು ಬಂದಾಗ ಕಾರ್ಡಣ್ಣ ನಮ್ಮ ಒಂಬತ್ತು ಹೆಸರನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಆ ಸಹಿಯನ್ನು ಯಾರಿಗೆ ತೋರಿಸಬೇಕೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ನಾವು ನಿಂತೇ ಇದ್ದೆವು. ಬಾಗಿಲ ಗಾಜಿನ ಮೂಲಕ ಸಿಡುಕಮ್ಮ ಹೊದಿಕೆ ಮಡಿಸಲು ಆಚೆ ತುದಿಗೆ ಜನವಿಲ್ಲದೆ ಒಬ್ಬಳೇ ಒದ್ದಾಡುವುದು ಕಾಣುತ್ತಿತ್ತು.

ಐದು ಗಂಟೆಗೆ ಒಂಬತ್ತು ಹೆಸರೂ ಹೋದವು. ಅವುಗಳಲ್ಲಿ ಆ ದಿನ ಒಳಗೆ ದುಡಿದ ನಾಲ್ವರ ಹೆಸರೂ ಇತ್ತು. ಕಾರ್ಡಣ್ಣನ ಕಾರ್ಡನ್ನು ಹನ್ನೊಂದನೇ ದಿನ ಬೇರೆ ಊರಿನಿಂದ ತೆರೆದುಕೊಟ್ಟರು. ನಮ್ಮ ಹೆಸರು ಮತ್ತೆ ಸೇರಲಿಲ್ಲ, ಕೆಲಸವೂ ಹೋಯಿತು.

"ತಪ್ಪು ನಂದೇ ಅಮ್ಮಾ, ಅವತ್ತೇ ನಿಮಗೆ ಬೇರೆ ವಿಳಾಸ ಮಾಡಿಸ್ಬೇಕಿತ್ತು" ಎಂದಿದ್ದರು ಅವರು ಆ ಮೂರನೇ ದಿನದ ಸಂಜೆ ಗೇಟಿನ ಹತ್ತಿರ. ಊಟ ಮಾಡಿದ್ರಾ ಎಂದು ಕೇಳಿದೆ. ಇಲ್ಲ ಎಂದರು.