ವರ್ಸೇಲ್ಸ್ ಒಪ್ಪಂದಕ್ಕೆ ಸಿಕ್ಕ ಸೊನ್ನೆ

ಹನ್ನೊಂದು ಭಾನುವಾರ, ಒಂದು ಓದುವ ಕನ್ನಡಕ, ಟ್ಯೂಷನ್ ಫೀಸು, ಎರಡು ಸಲ ಪರೀಕ್ಷಾ ಶುಲ್ಕ. ಮೊದಲನೇ ಮಹಾಯುದ್ಧ ಕಲಿಯಲು ನನಗೆ ತಗುಲಿದ ಖರ್ಚು ಇಷ್ಟು. ಕಣಕಟ್ಟೆಯಿಂದ ಅರಸೀಕೆರೆಗೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಆ ಬಾಬ್ತು ಉಳಿಯಿತು. ಫೀಸಿನಲ್ಲೂ ಮೇಷ್ಟ್ರನ್ನು ಸ್ವಲ್ಪ ಇಳಿಸಿದೆ. ಬೇಕಿದ್ದದ್ದು ಸಮಾಜ ವಿಜ್ಞಾನ ಒಂದೇ. ಆರು ವಿಷಯದ ದುಡ್ಡು ಯಾಕೆ ಕೊಡಲಿ?

ನಲವತ್ತೆರಡನೇ ವಯಸ್ಸಿನಲ್ಲಿ ಇದೆಲ್ಲ ಯಾಕೆಂದರೆ, ನಮ್ಮ ಕಡೆಯ ಬೆಳೆಗಾರರೇ ಸೇರಿ ಕಟ್ಟಿಕೊಂಡ ಕಂಪನಿ ಕೊಬ್ಬರಿ ಖರೀದಿ ಕೇಂದ್ರ ತೆರೆಯುವುದರಲ್ಲಿತ್ತು. ಅದಕ್ಕೊಬ್ಬ ಮೇಲ್ವಿಚಾರಕರು ಬೇಕು. ನಾನು ಇಪ್ಪತ್ತು ವರ್ಷದಿಂದ ಗಂಡಸಿಯ ತನಕ ತೋಟ ತೋಟ ಅಲೆದು ಕಾಯಿ ಕೊಂಡವಳು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತೇನೆ. ಕಂಪನಿಯ ಕಾರ್ಯದರ್ಶಿ ಬಂದು, "ಅಕ್ಕ, ಈ ಕೆಲ್ಸ ನಿಮ್ದೇ. ಹತ್ತನೇದೊಂದು ಪಾಸು ಮಾಡ್ಕೊಂಬುಡಿ, ಕಾಗ್ದದಲ್ಲಿ ಹಂಗೈತೆ" ಎಂದರು. ನಾನು ಹದಿನಾರರಲ್ಲಿ ಫೇಲಾಗಿ ಬಿಟ್ಟಿದ್ದು ಅದೊಂದೇ ವಿಷಯದಲ್ಲಿ. ಆಗಲಿ ಎಂದೆ.

ಮೇಷ್ಟ್ರು ನಿವೃತ್ತರು. ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾಠ. ಯುದ್ಧವನ್ನು ಅವರು ಒಂದು ಭಾನುವಾರದಲ್ಲಿ ಮುಗಿಸಿದರು. ಕಾರಣಗಳು ಆರು, ಪರಿಣಾಮಗಳು ಆರು, ವರ್ಸೇಲ್ಸ್ ಒಪ್ಪಂದದ ಷರತ್ತುಗಳು ನಾಲ್ಕು. ಅವರು ಹೇಳುತ್ತಾ ಹೋದರು, ನಾವು ಬರೆದುಕೊಳ್ಳುತ್ತಾ ಹೋದೆವು.

ನನಗೆ ತಲೆಗೆ ಹತ್ತಲಿಲ್ಲ. "ಸಾರ್, ಯಾವುದೋ ಊರಲ್ಲಿ ಒಬ್ಬ ರಾಜಕುಮಾರನ್ನ ಗುಂಡಿಕ್ಕಿ ಕೊಂದ್ರೆ ನಮ್ಮ ದೇಶದ ಸಿಪಾಯಿ ಯಾಕೆ ಹೋಗಿ ಸಾಯ್ಬೇಕು?"

"ಅದು ತಕ್ಷಣದ ಕಾರಣ ಕಣಮ್ಮ. ಬರ್ಕೊ."

"ಬರ್ಕೊಂಡೆ ಸಾರ್. ಯಾಕೆ ಅಂತ ಕೇಳ್ದೆ."

"ಯಾಕೆ ಅನ್ನೋದು ಪರೀಕ್ಷೆಗೆ ಬರಲ್ಲ. ಪಾಯಿಂಟ್ ಬರುತ್ತೆ."

ಪಕ್ಕದಲ್ಲಿ ಕೂತಿದ್ದ ಲಾರಿ ಕ್ಲೀನರ್ ಕೂಡ ನನ್ನ ಹಾಗೇ ಹಳೇ ಫೇಲು. ಅವನು ನಕ್ಕು, "ಬುಡಿ ಅಕ್ಕ, ಅವ್ರಿಗೂ ಗೊತ್ತಿರಾಕಿಲ್ಲ" ಎಂದ. ಮೇಷ್ಟ್ರಿಗೆ ಕೇಳಿಸಿತು. ಆ ದಿನ ಇಬ್ಬರಿಗೂ ಆರು ಕಾರಣಗಳನ್ನು ಐದೈದು ಸಲ ಬರೆಸಿದರು.

ಆ ಆರು ಕಾರಣಗಳಲ್ಲೊಂದು ದೇಶದೇಶಗಳು ಕಟ್ಟಿಕೊಂಡ ಒಕ್ಕೂಟ. ಅದನ್ನು ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನೇ ಬಿಡಿಸಿಕೊಂಡೆ. ಮಾರುಕಟ್ಟೆಯಲ್ಲಿ ಮೂವರು ವರ್ತಕರು ಒಳಗೊಳಗೇ ಕೈ ಸೇರಿಸಿಕೊಂಡರೆ ಒಬ್ಬನ ಜಗಳ ಮೂವರದ್ದೂ ಆಗುತ್ತದೆ. ಎದುರಿನ ಮೂವರೂ ಹಾಗೇ ಮಾಡಿಕೊಂಡಿದ್ದರೆ ಆವತ್ತು ಯಾರ ಮೂಟೆಯೂ ಹೋಗುವುದಿಲ್ಲ. ಇಷ್ಟು ಹೇಳಲು ಮೇಷ್ಟ್ರಿಗೆ ಏನು ಕಷ್ಟವಿತ್ತೋ ಇವತ್ತಿಗೂ ತಿಳಿಯದು.

ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬಂದದ್ದು ವರ್ಸೇಲ್ಸ್ ಒಪ್ಪಂದ. ನನಗೆ ಷರತ್ತುಗಳು ನೆನಪಿದ್ದವು. ಆದರೆ ಬರೆಯಲು ಕೂತಾಗ ಸಿಟ್ಟು ಬಂತು. ಸೋತ ಜರ್ಮನಿಯಿಂದ ನೆಲ ಕಿತ್ತುಕೊಂಡು, ವಸಾಹತು ಕಿತ್ತುಕೊಂಡು, ಯುದ್ಧದ ನಷ್ಟವನ್ನೂ ನೀನೇ ಕಟ್ಟು ಎಂದರೆ ಅದು ಒಪ್ಪಂದವೇ? ನಮ್ಮಲ್ಲಿ ತೋಟದ ಫಸಲನ್ನು ಒಟ್ಟಿಗೆ ಕೊಂಡಾಗ ಬೆಲೆಯಲ್ಲಿ ಎಷ್ಟೇ ಎಳೆದಾಡಿದರೂ, ಕೀಳುವಾಗ ಮನೆಯ ಪಕ್ಕದ ಎರಡು ಮರ ಮುಟ್ಟುವುದಿಲ್ಲ. ಅದು ಮನೆಯವರ ಸಾರಿಗೆ, ಪೂಜೆಗೆ. ಅದನ್ನೂ ಕಿತ್ತರೆ ಮುಂದಿನ ಕೊಯ್ಲಿಗೆ ಆ ತೋಟದ ಗೇಟು ನಿಮಗೆ ತೆರೆಯುವುದಿಲ್ಲ. ಗೆದ್ದವರು ಆ ಎರಡು ಮರ ಬಿಡಲಿಲ್ಲ, ಆದ್ದರಿಂದ ಇಪ್ಪತ್ತು ವರ್ಷದಲ್ಲಿ ಇನ್ನೊಂದು ಯುದ್ಧ ಬಂತು. ಹೀಗೆ ಒಂದೂವರೆ ಪುಟ ಬರೆದು, ತೃಪ್ತಿಯಿಂದ ಎದ್ದು ಬಂದೆ.

ಮೂರು ಅಂಕದಲ್ಲಿ ಫೇಲು.

ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದೆ. ಆ ಒಂದೂವರೆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು, ಅಂಚಿನಲ್ಲಿ ಸೊನ್ನೆ. ಅದನ್ನು ಹಿಡಿದು ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ನೀನು ಬರ್ದಿರೋದು ಸರಿಯಾಗೇ ಇದೆ ಕಣಮ್ಮ" ಎಂದರು.

"ಮತ್ತೆ ಸೊನ್ನೆ?"

"ಕೇಳಿದ್ದು ಷರತ್ತು. ನೀನು ಬರ್ದಿರೋದು ನ್ಯಾಯ. ಪೇಪರ್ ತಿದ್ದೋನು ಇದರಲ್ಲಿ ಷರತ್ತು ಎಲ್ಲಿ ಅಂತ ಹುಡುಕ್ತಾನೆ?"

"ಆವತ್ತು ಕ್ಲಾಸಲ್ಲಿ ಇದನ್ನೇ ಮಾತಾಡೋಕೆ ಬಿಟ್ಟಿದ್ರೆ ಅಲ್ಲೇ ಮಾತಾಡಿ ಮುಗಿಸ್ತಿದ್ದೆ ಸಾರ್. ಪರೀಕ್ಷೇಲಿ ಯಾಕೆ ಬರೀತಿದ್ದೆ?"

ಮೇಷ್ಟ್ರು ನಕಲನ್ನು ಮಡಚಿ ನನ್ನ ಕೈಗಿಟ್ಟರು. ಒಳಗಿನಿಂದ ಕಾಫಿ ತರಿಸಿಕೊಟ್ಟರು. ಕುಡಿದು ಬಂದೆ.

ಕಾರ್ಯದರ್ಶಿಗೆ ಫೋನ್ ಮಾಡಿದರೆ, "ಚಿಂತೆ ಮಾಡ್ಬೇಡಿ ಅಕ್ಕ, ಕಾಯ್ತೀವಿ" ಎಂದರು. ಎರಡನೇ ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತು. ಈ ಸಲ ಷರತ್ತುಗಳನ್ನು ಒಂದರ ಕೆಳಗೊಂದು ಬರೆದು, ಸ್ಕೇಲು ಇಟ್ಟು ಅಡಿಗೆರೆ ಎಳೆದು ಬಂದೆ. ಆರಾಮಾಗಿ ಪಾಸು. ಅಂಕಪಟ್ಟಿ ಹಿಡಿದು ಹೋದಾಗ ಕೇಂದ್ರ ಆಗಲೇ ಶುರುವಾಗಿತ್ತು. ಮೇಲ್ವಿಚಾರಕರ ಕುರ್ಚಿಯಲ್ಲಿ ಡಿಗ್ರಿ ಮಾಡಿದವರೊಬ್ಬರು ಕೂತಿದ್ದರು. "ಮೇಲಿಂದ ಒತ್ತಡ ಬಂತು ಅಕ್ಕ" ಎಂದರು ಕಾರ್ಯದರ್ಶಿ. ಆ ಡಿಗ್ರಿಯವರು ಈಗ ವಾರಕ್ಕೆರಡು ಸಲ ಫೋನ್ ಮಾಡಿ, ಕೊಬ್ಬರಿ ಕಪ್ಪಾಗಿದ್ದರೆ ಒಳಗೂ ಕೆಟ್ಟಿದೆಯೇ ಎಂದು ನನ್ನನ್ನೇ ಕೇಳುತ್ತಾರೆ. ಮೊದಮೊದಲು ಹೇಳುತ್ತಿದ್ದೆ. ಈಗ, ತಂದು ತೋರಿಸಿ, ನೋಡುವ ಕೂಲಿ ಬೇರೆ ಎನ್ನುತ್ತೇನೆ.

ನನ್ನ ಹಾಗೆ ನಡುವಯಸ್ಸಿನಲ್ಲಿ ಪುಸ್ತಕ ತೆರೆಯುವವರಿಗೆ ಹೇಳುವುದಿಷ್ಟು. ಪರೀಕ್ಷೆಯಲ್ಲಿ ಕೇಳಿದ್ದನ್ನು ಮೊದಲು ಬರೆಯಿರಿ. ಅಂಕ ಬೀಳುವಷ್ಟು ಆದ ಮೇಲೆ ಜಾಗ ಉಳಿದರೆ ನಿಮ್ಮ ನ್ಯಾಯ ಹೇಳಿ. ಯಾಕೆ ಎಂಬ ಪ್ರಶ್ನೆಯನ್ನು ಮೇಷ್ಟ್ರ ಹತ್ತಿರ ಕ್ಲಾಸಿನ ನಡುವೆ ಕೇಳಬೇಡಿ. ಕ್ಲಾಸು ಬಿಟ್ಟ ಮೇಲೆ ಒಬ್ಬರೇ ಇದ್ದಾಗ ಕೇಳಿ, ಆಗ ಅವರೂ ಮನುಷ್ಯರ ಹಾಗೆ ಮಾತಾಡುತ್ತಾರೆ. ಫೇಲಾದರೆ ಉತ್ತರ ಪತ್ರಿಕೆಯ ನಕಲು ತಪ್ಪದೆ ತರಿಸಿ. ಇನ್ನು, ಕಾಯ್ತೀವಿ ಎಂದು ಯಾರಾದರೂ ಹೇಳಿದರೆ ಯಾವ ತಾರೀಖಿನವರೆಗೆ ಎಂದು ಕೇಳಿ, ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಓದಲು ಕೂರಿ.