ಮಾತು ತುಂಡಾದರೆ ನಿಲ್ಲಿಸಿ

ವ್ಯಾಯಾಮದ ಹೆಸರಿನಲ್ಲಿ ನಾನೊಮ್ಮೆ ಒಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿದ್ದೆ. ನನ್ನನ್ನು ಬಲ್ಲವರು ನಂಬಲಾರರು. ಸಂತೆಕಟ್ಟೆಯ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ, ಜಿರಳೆ ಕಂಡರೆ ತಾನೇ ದಾರಿ ಬಿಡುತ್ತಿದ್ದ ಪ್ರಾಣಿ ನಾನು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನನಗೆ ಕಾಮಾಲೆ ಬಂತು. ಮೂರು ತಿಂಗಳು ಗಂಜಿ, ಕಿರುನೆಲ್ಲಿ ರಸ ಮತ್ತು ಚಾಪೆ. ಅದಕ್ಕೆ ಮುಂಚೆ ನಾನು ದಿನಾ ಸೈಕಲ್ ತುಳಿಯುತ್ತಿದ್ದವನು, ಬೆಳಗ್ಗೆ ಎದ್ದು ಬಾವಿಯಿಂದ ಮೂವತ್ತು ಕೊಡ ನೀರು ಸೇದುತ್ತಿದ್ದವನು. ಇನ್ನು ಓಡಾಡಬಹುದು ಎಂದಾದ ದಿನವೇ ಹಳೆಯ ಲೆಕ್ಕ ಹಿಡಿದುಕೊಂಡು ಬಾವಿಕಟ್ಟೆಗೆ ಹೋದೆ. ಆರನೆಯ ಕೊಡಕ್ಕೆ ಹಗ್ಗ ಕೈಯಲ್ಲಿತ್ತು, ಕೈ ಮಾತ್ರ ನನ್ನದಾಗಿರಲಿಲ್ಲ. ಕಟ್ಟೆಗೆ ಆತು ಕುಸಿದು ಕುಳಿತವನನ್ನು ಹೆಂಡತಿ ಸುಮತಿ ಎಬ್ಬಿಸಿ ಒಳಗೆ ತಂದಳು. "ಹಾಸಿಗೆಯಿಂದ ಎದ್ದದ್ದು ನೀವೊಬ್ಬರೇ. ಇವು ಇನ್ನೂ ಏಳಲಿಲ್ಲ" ಎಂದು ನನ್ನ ಕೈಕಾಲುಗಳನ್ನು ತೋರಿಸಿದಳು. ನನಗೆ ನಾಚಿಕೆಗಿಂತ ಹೆಚ್ಚಾಗಿ ದಿಗಿಲಾಯಿತು. ನಲವತ್ತೆರಡು ವರ್ಷ ಹೇಳಿದ ಹಾಗೆ ಕೇಳಿದ ಮೈ ಮೂರೇ ತಿಂಗಳಲ್ಲಿ ಗುರುತು ಮರೆತಿತ್ತು.

ಹಾಗಾದರೆ ಎಷ್ಟು ಮಾಡಿದರೆ ಹೆಚ್ಚು? ಆಯುರ್ವೇದದವರು ಅರ್ಧಶಕ್ತಿ ಎನ್ನುತ್ತಾರೆ, ಇದ್ದ ಬಲದಲ್ಲಿ ಅರ್ಧ ಮಾತ್ರ ಖರ್ಚು ಮಾಡಬೇಕಂತೆ. ಕೇಳಲು ಸೊಗಸಾಗಿದೆ. ಆದರೆ ಗಣಿತದ ಮೇಷ್ಟ್ರಾಗಿ ನನ್ನದೊಂದು ತಕರಾರು ಉಂಟು. ಅರ್ಧ ಎಷ್ಟೆಂದು ತಿಳಿಯಲು ಪೂರ್ತಿ ಎಷ್ಟೆಂದು ಗೊತ್ತಿರಬೇಕು. ಪೂರ್ತಿ ಎಷ್ಟೆಂದು ಕಂಡುಕೊಂಡವನು ಅದನ್ನು ಬಂದು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಮಣಿಪಾಲದ ಡಾಕ್ಟರು ಇದನ್ನು ಒಂದೇ ವಾಕ್ಯದಲ್ಲಿ ಬಿಡಿಸಿದರು. "ಮಾತಾಡಿಕೊಂಡು ನಡೆಯಿರಿ. ಮಾತು ತುಂಡಾದರೆ ನಿಲ್ಲಿಸಿ." ಚಿನ್ನದಂಥ ಸಲಹೆ, ಅದರಲ್ಲಿ ಇಂದಿಗೂ ನಾನು ತಪ್ಪು ಹುಡುಕಲಾರೆ. ಆದರೆ ಅವರು ನನ್ನ ಉದ್ಯೋಗ ಕೇಳಿದರು, ಹವ್ಯಾಸ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕುಳಿತಲ್ಲಿಯೇ ಇಬ್ಬರು ಎರಡು ಪಾತ್ರಗಳಾಗಿ ವಾದಿಸಬೇಕು. ಬಾಯಿಪಾಠವಲ್ಲ, ಹೊಳೆದದ್ದೇ ಮಾತು. ಉತ್ತರ ತೋಚದೆ ಸುಮ್ಮನಾದವನು ಸೋತ. ಎದುರಿನವನು ನಡುವೆ ನುಸುಳದ ಹಾಗೆ, ಸಭೆಗೆ ಗೊತ್ತಾಗದ ಹಾಗೆ ಉಸಿರೆಳೆದುಕೊಳ್ಳುವುದೇ ಅಲ್ಲಿಯ ದೊಡ್ಡ ವಿದ್ಯೆ. ನಾನು ಜ್ವರದಲ್ಲಿ ಮಾತಾಡಿದ್ದೇನೆ, ಹಲ್ಲುನೋವಿನಲ್ಲಿ ಮಾತಾಡಿದ್ದೇನೆ. ಇಂಥವನ ಕಾಲಿನ ಬಲವನ್ನು ಬಾಯಿಯಿಂದ ಅಳೆಯುವುದೆಂದರೆ ಏನು ಹೇಳೋಣ!

ಮಾತಾಡಿಕೊಂಡು ನಡೆಯಲು ಜೊತೆ ಬೇಕಲ್ಲ, ಪದ್ಮನಾಭನನ್ನು ಕರೆದೆ. ಕಾಪುವಿನಲ್ಲಿ ಅವನದು ಜವಳಿ ಅಂಗಡಿ. ತಾಳಮದ್ದಳೆಯಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಎದುರಾಳಿ. ನನಗಾಗಿ ಭಾನುವಾರ ಅಂಗಡಿಗೆ ಬೀಗ ಹಾಕಿ ಬಸ್ಸು ಹಿಡಿದು ಬರುತ್ತಿದ್ದ. ಆದಿ ಉಡುಪಿಯ ರಸ್ತೆಯಲ್ಲಿ ಮೊದಲ ವಾರ ಒಂದು ಫರ್ಲಾಂಗು, ಆಮೇಲೆ ಅರ್ಧ ಮೈಲಿ, ಆಮೇಲೆ ಒಂದು ಮೈಲಿ. ಅವನು ಸಂಧಾನಕ್ಕೆ ಬಂದ ದೂತ, ನಾನು ಸಂಧಾನ ಬೇಡವೆನ್ನುವ ರಾಜ. ಮಾತು ಒಂದು ದಿನವೂ ತುಂಡಾಗಲಿಲ್ಲ. ಡಾಕ್ಟರ ಲೆಕ್ಕದಲ್ಲಿ ನಾವಿಬ್ಬರೂ ಕಬ್ಬಿಣ.

ಐದನೆಯ ಭಾನುವಾರ ಕಾರ್ಕಳದ ಗೊಮ್ಮಟ ಬೆಟ್ಟ ಹತ್ತುವುದೆಂದು ನಿಶ್ಚಯಿಸಿದೆವು. ಹೊರಡುವಾಗ ಸುಮತಿ ನೀರಿನ ಬಾಟಲಿ ಕೈಗೆ ಕೊಟ್ಟು, "ಪದ್ಮನಾಭಣ್ಣ, ನಿಮ್ಮ ಹೊಟ್ಟೆ ನಿಮಗಿಂತ ಎರಡು ಹೆಜ್ಜೆ ಮುಂದೆ ಉಂಟು. ಜಾಗ್ರತೆ" ಎಂದಳು. "ನನಗೆ ಎಂತ ಆಗುವುದು ಅಕ್ಕ? ಕಾಯಿಲೆಯ ಮನುಷ್ಯ ಇವನಲ್ವಾ?" ಎಂದು ಅವನು ನಕ್ಕ. ನಾನೂ ನಕ್ಕೆ.

ಬೋಳು ಬಂಡೆ, ಅದರಲ್ಲೇ ಕಡಿದ ಮೆಟ್ಟಿಲು, ಒಂಬತ್ತು ಗಂಟೆಗೇ ಸುಡುವ ಬಿಸಿಲು. ನಾನು ನಾಲ್ಕು ಮೆಟ್ಟಿಲು ಮುಂದೆ, ಅವನು ಹಿಂದೆ. ವಾದ ರಂಗೇರಿತ್ತು. ನನ್ನ ತೊಡೆ ನಡುಗುತ್ತಿದ್ದದ್ದು ನಿಜ. ಆದರೆ ನಿಂತರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಸೋತ ಹಾಗೆ. ಅವನೂ ಹಾಗೆಯೇ ಎಣಿಸುತ್ತಿದ್ದಿರಬೇಕು. ಅರ್ಧ ಬೆಟ್ಟದಲ್ಲಿ ನಾನೊಂದು ಪ್ರಶ್ನೆ ಎಸೆದೆ. "ದೂತನೇ, ಶಾಂತಿ ಶಾಂತಿ ಎನ್ನುತ್ತೀಯಲ್ಲ, ಸೋಲುವ ಭಯಕ್ಕೆ ನಿಮ್ಮ ಕಡೆಯವರು ಇಟ್ಟ ಹೆಸರೇ ಅದು?"

ಉತ್ತರ ಬರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪದ್ಮನಾಭ ನಿರುತ್ತರನಾಗಿದ್ದ. ನನಗೆ ಆನಂದವಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕುಣಿಯುವಷ್ಟು ಆನಂದವಾಯಿತು. ಮುಂದಿನ ಕೂಟದಲ್ಲಿ ಇದನ್ನು ಯಾರ್ಯಾರಿಗೆ ಹೇಳಬೇಕೆಂದು ಯೋಚಿಸುತ್ತಾ ಇನ್ನೂ ಹತ್ತು ಮೆಟ್ಟಿಲು ಹತ್ತಿದೆ. ಆಮೇಲೆ, ಸೋತವನ ಮುಖ ನೋಡುವ ಆಸೆಯಿಂದ ತಿರುಗಿದೆ.

ಅವನು ಬಂಡೆಯ ಮೇಲೆ ಎರಡೂ ಅಂಗೈ ಊರಿ ಕುಳಿತಿದ್ದ. ಮುಖ ಬೂದಿಯ ಬಣ್ಣ, ಅಂಗಿ ಮೈಗೆ ಅಂಟಿತ್ತು. ಓಡಿ ಇಳಿದು ಭುಜ ಹಿಡಿದೆ. "ಒಂತೆ ನೀರ್" ಎಂದ. ಸ್ವಲ್ಪ ನೀರು, ಅಷ್ಟೇ. ಆದರೆ ತುಳುವಿನಲ್ಲಿ. ನಮಗೆ ಮನೆಗೆ, ಪೇಟೆಗೆ, ಸುಖದುಃಖಕ್ಕೆಲ್ಲ ತುಳುವೇ, ಅರ್ಥ ಹೇಳಲು ಮಾತ್ರ ಕನ್ನಡ. ಕೂಟದ ನಡುವೆ ಮೈಮೇಲೆ ಹಲ್ಲಿ ಬಿದ್ದರೂ ಕನ್ನಡ ಬಿಡದ ಮನುಷ್ಯ ಅವನು. ಆ ಎರಡು ಮಾತು ಕೇಳಿ ನನ್ನ ಜೀವ ಬಾಯಿಗೆ ಬಂತು.

ಬೆಟ್ಟಕ್ಕೆ ಬಂದಿದ್ದ ಇಬ್ಬರು ಯಾತ್ರಿಕರು ಅವನನ್ನು ಎತ್ತಿಕೊಂಡು ಇಳಿಸಿದರು. ಕೆಳಗೊಂದು ಬಾಡಿಗೆ ಕಾರು ಸಿಕ್ಕಿತು. ಅದರಲ್ಲೇ ಅವನನ್ನು ಮಣಿಪಾಲದ ಆಸ್ಪತ್ರೆಗೆ ತಲುಪಿಸಿದೆ.

"ಹೃದಯದ್ದು. ಸಮಯಕ್ಕೆ ತಂದಿರಿ, ಉಳಿಯುತ್ತಾರೆ" ಎಂದು ಹೊರಗೆ ಬಂದವರು ಅದೇ ಡಾಕ್ಟರು. ನನ್ನ ಗುರುತು ಹತ್ತಿ, "ಇವರು ಇದಕ್ಕೆ ಮುಂಚೆ ಬೆಟ್ಟ ಹತ್ತಿದ್ದು ಯಾವಾಗ?" ಎಂದು ಕೇಳಿದರು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಂಗಡಿ ತೆರೆದ ಮೇಲೆ ಅವನು ಗಾದಿಯಿಂದ ಎದ್ದದ್ದು ಊಟಕ್ಕೆ ಮತ್ತು ತಾಳಮದ್ದಳೆಗೆ, ಅಲ್ಲಿಯೂ ಕುಳಿತುಕೊಳ್ಳುವುದೇ. ನನ್ನ ಮೂರು ತಿಂಗಳ ಬಿಡುವು ಊರಿಗೆಲ್ಲ ಗೊತ್ತಿತ್ತು. ಅವನ ಹದಿನೆಂಟು ವರ್ಷದ ಬಿಡುವನ್ನು ಯಾರೂ ಬಿಡುವೆಂದು ಕರೆದಿರಲಿಲ್ಲ, ಅವನು ಒಂದು ದಿನವೂ ಮಲಗಿರಲಿಲ್ಲವಲ್ಲ! ನಾನು ಐದು ವಾರ ನನ್ನ ಉಸಿರನ್ನೇ ಎಣಿಸಿಕೊಂಡೆ. ಪಕ್ಕದವನದು ಕಿವಿಗೆ ಬೀಳಲಿಲ್ಲ. ಹತ್ತು ಮೆಟ್ಟಿಲು! ಆ ಹತ್ತು ಮೆಟ್ಟಿಲು ಇಂದಿಗೂ ನನ್ನ ಕನಸಿನಲ್ಲಿ ಬರುತ್ತವೆ.

ಈಗ ನಾವು ಕಾಪುವಿನ ದೀಪಸ್ತಂಭದ ಕಡೆಗೆ ಸಮುದ್ರದ ಬದಿಯಲ್ಲಿ ನಡೆಯುತ್ತೇವೆ, ಡಾಕ್ಟರು ಹೇಳಿದಷ್ಟೇ ದೂರ. ಅವನು ಮತ್ತೆ ದೂತ, ನಾನು ಮತ್ತೆ ರಾಜ. ಆದರೆ ದಡಕ್ಕೆಳೆದ ಮೊದಲ ದೋಣಿ ಬರುವಷ್ಟರಲ್ಲಿ ನಾನು ಸಂಧಾನಕ್ಕೆ ಒಪ್ಪಿಬಿಡುತ್ತೇನೆ. ಅವನಿಗೆ ಮೈಯೆಲ್ಲ ಉರಿಯುತ್ತದೆ. "ಎಂತ ಮಾರಾಯ ಇದು? ರಾಜನಾದವನು ಇಷ್ಟು ಬೇಗ ಒಪ್ಪುವುದುಂಟಾ? ಪ್ರಸಂಗದ ಮರ್ಯಾದೆ ಎಲ್ಲಿ ಉಳಿಯಿತು?" ಎಂದು ಬಯ್ಯತೊಡಗುತ್ತಾನೆ. ನಾನು ತಲೆ ತಗ್ಗಿಸಿ, ಕಿವಿಗೊಟ್ಟು ಕೇಳುತ್ತೇನೆ. ಬಯ್ಗುಳ ಎಲ್ಲಿಯೂ ತುಂಡಾಗದಿದ್ದರೆ ಇನ್ನೊಂದು ದೋಣಿಯವರೆಗೆ ಹೋಗುತ್ತೇವೆ. ನಡುವೆ ಒಂದೇ ಒಂದು ಶಬ್ದ ತಡೆದು ಬಂದರೂ ಸಾಕು, ನನಗೆ ಕಾಲು ನೋಯುತ್ತದೆ ಎಂದು ಮರಳಿನ ಮೇಲೆ ಮೊದಲು ಕುಳಿತುಬಿಡುವವನು ನಾನು.