ಈಜು ಬಾರದ ಮಲಕಪ್ಪ

ಎಲ್ಲರೂ ತಮಗೆ ಬರುವ ವಿದ್ಯೆಯಿಂದ ಅನ್ನ ತಿನ್ನುತ್ತಾರೆ. ಸಿಂದಗಿ ಕಡೆಯ ಮಲಕಪ್ಪ ಮಾತ್ರ ಹನ್ನೊಂದು ವರ್ಷ ತನಗೆ ಬಾರದ ವಿದ್ಯೆಯಿಂದಲೇ ತಿಂದ. ಬೆಂಗಳೂರು ಪೀಣ್ಯದ ಒಂದು ಶೆಡ್ಡಿನಲ್ಲಿ ಮೀನುಗಾರರಿಗೆ ಲೈಫ್ ಜಾಕೆಟ್ ಹೊಲಿಯುತ್ತಾರೆ. ಹೊಲಿದದ್ದು ಮಲ್ಪೆ, ಹೊನ್ನಾವರದ ದೋಣಿಗಳಿಗೆ ಹೋಗುತ್ತದೆ. ಹೋಗುವ ಮುಂಚೆ ನೂರಕ್ಕೊಂದು ಜಾಕೆಟ್ ಎತ್ತಿ, ಈಜು ಬಾರದ ಮನುಷ್ಯನಿಗೆ ತೊಡಿಸಿ, ಶೆಡ್ಡಿನ ಹಿಂದಿನ ಹತ್ತಡಿ ಆಳದ ತೊಟ್ಟಿಗೆ ಹಾರಿಸಬೇಕೆಂದು ನಿಯಮ. ತೇಲಿದರೆ ಜಾಕೆಟ್ ಪಾಸು. ತೇಲದಿದ್ದರೆ ಮನುಷ್ಯನ ಗತಿ ಏನೆಂದು ಯಾವ ಪುಣ್ಯಾತ್ಮನೂ ಬರೆದಿಟ್ಟಿರಲಿಲ್ಲ.

ಆ ಮನುಷ್ಯನೇ ಮಲಕಪ್ಪ. ಅವನು ಸಮುದ್ರವನ್ನು ಕಣ್ಣಾರೆ ಕಂಡವನಲ್ಲ, ಆದರೆ ಸಮುದ್ರದ ಭಯವೆಲ್ಲ ಅವನ ಪಾಲಿಗೇ ಬಂದಿತ್ತು. ಅದಕ್ಕೇ ಹಾರುವ ಮುಂಚೆ "ಇದನ್ನ ಹೊಲದವ್ರು ಯಾರು?" ಎಂದು ಕೂಗುತ್ತಿದ್ದ. ಹೊಲಿದವರು ಮಶೀನು ನಿಲ್ಲಿಸಿ ಬಂದು, ಅವನು ಮೇಲೆ ಬರುವವರೆಗೆ ತೊಟ್ಟಿಯ ಅಂಚಿನಲ್ಲಿ ನಿಲ್ಲಬೇಕು. ಮಾಲೀಕ ರಾಜೇಂದ್ರ ಕೆಲಸ ಕೆಡುತ್ತದೆಂದು ಮೊದಲು ಗೊಣಗಿದ. ಹೊಲಿಗೆ ಗಟ್ಟಿಯಾಗಿದ್ದು ನೋಡಿ ಸುಮ್ಮನಾದ.

ಇತ್ತೀಚೆಗೆ ಮಲಕಪ್ಪನನ್ನು ಒಂದು ಅನುಮಾನ ಕೊರೆಯುತ್ತಿತ್ತು. ನೀರಿಗೆ ಬಿದ್ದೊಡನೆ ಕಾಲುಗಳು ತಾವಾಗಿಯೇ ಆಡುತ್ತಿದ್ದವು. ಬೈದರೂ ಕೇಳುತ್ತಿರಲಿಲ್ಲ. ಈಜು ಬಂದುಬಿಟ್ಟರೆ ಈ ಕೆಲಸ ಹೋದಂತೆಯೇ. ಹೆದರಿ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಸರಕಾರಿ ತಪಾಸಣೆಗೆ ಸ್ಫೂರ್ತಿ ಮೇಡಂ ಬಂದರು.

"ಹನ್ನೊಂದು ವರ್ಷ ನೀರಿಗೆ ಹಾರಿರೋರಿಗೆ ಈಜು ಬರಲ್ಲ ಅಂದ್ರೆ ಯಾರ್ರೀ ನಂಬ್ತಾರೆ?"

"ಬರಲ್ಲ ಅಂತ ಲೆಟರ್ ಕೊಡ್ತೀವಿ ಮೇಡಂ," ಎಂದ ರಾಜೇಂದ್ರ.

"ಲೆಟರ್ ಬೇಡ. ಜಾಕೆಟ್ ಇಲ್ದೆ ಹಾರ್ಲಿ. ಮುಳುಗಿದ್ರೆ ಕೆಲಸದಲ್ಲಿ ಇರ್ಲಿ."

'ಸುರಕ್ಷತೆಯೇ ಮೊದಲು' ಎಂಬ ಬೋರ್ಡಿನ ಕೆಳಗೆ ನಿಂತೇ ಅವರು ಇದನ್ನು ಹೇಳಿದರು. ಮುಳುಗಿದವನನ್ನು ಎತ್ತಲು ರಾಜೇಂದ್ರ ಉದ್ದದ ಬಿದಿರು ಕೋಲು ತಂದ.

ಮಲಕಪ್ಪ ಬರಿ ಅಂಗಿಯಲ್ಲಿ ಅಂಚಿಗೆ ಬಂದ. ಅಭ್ಯಾಸಬಲದಿಂದ ಕೂಗಿಯೂಬಿಟ್ಟ: "ಹೊಲದವ್ರು ಯಾರು?"

ಮೈಮೇಲೆ ಜಾಕೆಟ್ಟೇ ಇರಲಿಲ್ಲ. ಆಗ ಶೇಖವ್ವ ಎದ್ದು ಬಂದಳು. ಅವನ ಸೀಮೆಯವಳೇ, ಅಲ್ಲಿ ಹೊಲಿಯುವವರಲ್ಲೆಲ್ಲ ಹಿರಿಯಳು. ಕೈಯಲ್ಲಿ ಆಗಷ್ಟೇ ಹೊಲಿದ ಜಾಕೆಟ್ ಇತ್ತು.

"ನಿನ್ನ ಹೊಲದಾಕಿ ನಿಮ್ಮವ್ವ, ತಮ್ಮಾ. ಆಕಿ ಇಲ್ಲಿಲ್ಲ. ನಾ ನಿಲ್ತೀನಿ, ಹಾರು."

ಹಾರಿದ. ಅಯ್ಯೋ, ಕಾಲು ಆಡತೊಡಗಿದವು, ಮೈ ಮೇಲಕ್ಕೇಳತೊಡಗಿತು! ಕೆಲಸ ಕೈಬಿಟ್ಟು ಹೋಗುವುದನ್ನು ನೋಡುತ್ತಾ ಅವನು ತಳಕ್ಕೆ ತೂರಿ ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲನ್ನು ಬಿಗಿಯಾಗಿ ಹಿಡಿದ. ಬಿದಿರು ಕೋಲು ಬಂದು ಪಕ್ಕೆಗೆ ತಿವಿಯಿತು. ಅದನ್ನು ಆಚೆ ನೂಕಿದ. ಇನ್ನು ಸ್ವಲ್ಪ ಹೊತ್ತು ಮುಳುಗಿದ್ದರೆ ಅನ್ನಕ್ಕೆ ತೊಂದರೆಯಿಲ್ಲ ಎಂದು ಎಣಿಸಿದ.

ಆಗ ಮೇಲೆ ಧಡಾರ್ ಎಂದಿತು. ತಲೆಯೆತ್ತಿದರೆ ಎರಡು ಪಾದ, ಕಾಲುಂಗುರ, ಒದ್ದೆ ಸೀರೆಯ ನೆರಿಗೆ. ಬಾವಿಗೆ ಇಣುಕಲೂ ಹೆದರುವ ಶೇಖವ್ವ, ತಾನೇ ಹೊಲಿದ ಜಾಕೆಟ್ ತೊಟ್ಟು ಅವನನ್ನು ಎತ್ತಲು ಹಾರಿದ್ದಳು. ಮಲಕಪ್ಪನಿಗೆ ಕೆಲಸದ ನೆನಪೇ ಹೋಯಿತು. ಮೆಟ್ಟಿಲು ಬಿಟ್ಟು ಸರಸರ ಕೈ ಬೀಸಿ ಮೇಲೆ ಬಂದು ಅವಳ ರಟ್ಟೆ ಹಿಡಿದ.

"ಬಿಡೋ ತಮ್ಮಾ, ನಾ ತೇಲಾಕತ್ತೀನಿ!" ಎಂದು ಅವಳು ಕಿರುಚಿದಳು.

ಮೇಡಂ ಶಾಂತವಾಗಿ ಬರೆದುಕೊಂಡರು. ಜಾಕೆಟ್ ಪಾಸು, ಮಲಕಪ್ಪ ಫೇಲು. ಈಜು ನಿಜವಾಗಿಯೂ ಬಾರದವರು ಯಾರೆಂಬುದು ಅವರ ಕಣ್ಣೆದುರೇ ತೇಲುತ್ತಿತ್ತು.

ಮರುವಾರದಿಂದ ತೊಟ್ಟಿಯ ಕೆಲಸ ಶೇಖವ್ವನದಾಯಿತು, ಅವಳ ಮಶೀನು ಮಲಕಪ್ಪನದು. ತಿಂಗಳು ಕಳೆದು ಒಂದು ಬೆಳಿಗ್ಗೆ ಹಿತ್ತಲಿಂದ ಅವಳ ಕೂಗು ಬಂತು: "ಇದನ್ನ ಹೊಲದವ್ರು ಯಾರು?"

ಮಲಕಪ್ಪ ಎದ್ದು ಹೋಗಿ ಅಂಚಿನಲ್ಲಿ ನಿಂತ. ಅವಳ ಮೈಮೇಲಿದ್ದ, ತಾನು ಹೊಲಿದ ಜಾಕೆಟ್ಟಿನ ಹೊಲಿಗೆಯನ್ನು ಒಂದೊಂದಾಗಿ ನೋಡಿದ.

"ಹಾರ್ಲೇನು?" ಎಂದಳು ಶೇಖವ್ವ.

"ತಡಿ ಅಕ್ಕಾ," ಎಂದ. "ಬಿಚ್ಚಿ ಕೊಡು. ಇನ್ನೊಂದ್ ಸಲ ಹೊಲೀತೀನಿ."